ಹದಿನೇಳನೇ ಮುನ್ನಾದಿನ

ಪರೀಕ್ಷೆಯ ಹಿಂದಿನ ದಿನ ಓದಿದಷ್ಟು ಉಳಿದ ದಿನಗಳಲ್ಲೂ ಓದಿದ್ದರೆ ನಾವೆಲ್ಲ ಎಲ್ಲೆಲ್ಲೋ ಇರುತ್ತಿದ್ದೆವು ಎಂದು ಹಳಹಳಿಸದವರು ಯಾರಿದ್ದಾರೆ ಹೇಳಿ? ಧಾರವಾಡದ ಗುಡ್ಡದ ಮೇಲಿನ ಆ ಪ್ರಯೋಗಾಲಯದವರು ಮಾತ್ರ ಹಳಹಳಿಸುತ್ತ ಕೂಡಲಿಲ್ಲ. ಆ ಹಿಂದಿನ ದಿನವನ್ನೇ ಹಿಡಿದು ಒಂದು ಬಿಲ್ಲೆಯೊಳಗೆ ತುಂಬಿಬಿಟ್ಟರು.

ಬಿಲ್ಲೆ ಎಂದರೆ ಅಂಗಿಯ ಗುಂಡಿಯಷ್ಟು ದೊಡ್ಡದು. ಕಿವಿಯ ಹಿಂದೆ ಅಂಟಿಸಿಕೊಳ್ಳಬೇಕು. ಮನಸ್ಸಿಗೆ ಕ್ಯಾಲೆಂಡರ್ ಓದಲು ಬರುತ್ತದೆ, ದೇಹಕ್ಕೆ ಬರುವುದಿಲ್ಲ. ಬಿಲ್ಲೆಯ ಗುಟ್ಟೆಲ್ಲ ಇಷ್ಟೇ. ನಾಳೆ ಪರೀಕ್ಷೆ ಎಂದಾಗ ಎದೆ ಎಷ್ಟು ಬಡಿಯುತ್ತದೆ, ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಹೊಟ್ಟೆ ಹೇಗೆ ತೊಳಸುತ್ತದೆ, ಅಂಗೈ ಯಾವಾಗ ಬೆವರುತ್ತದೆ ಎಂಬುದನ್ನೆಲ್ಲ ನಲವತ್ತು ಜನ ಸ್ವಯಂಸೇವಕರಿಂದ ಬೆಳಗಿನಿಂದ ರಾತ್ರಿಯವರೆಗೆ ದಾಖಲಿಸಿಕೊಂಡರು. ಒಬ್ಬೊಬ್ಬರ ದಿನ ಒಂದೊಂದು ಮಾದರಿ. ಕಿವಿಯ ಹಿಂದಿನಿಂದ ಹೊಟ್ಟೆಯವರೆಗೆ ಇಳಿಯುವ ಒಂದು ನರವಿದೆ. ಬಿಲ್ಲೆ ಆ ನರವನ್ನು ಅದೇ ಲಯದಲ್ಲಿ, ಅದೇ ಗಳಿಗೆಗೆ ಮೆಲ್ಲಗೆ ಮೀಟುತ್ತದೆ. ದೇಹ ನಂಬಿಬಿಡುತ್ತದೆ: ನಾಳೆಯೇ ಪರೀಕ್ಷೆ! ಎಂಥ ಸೋಮಾರಿಯೂ ಮೊಬೈಲು ಬದಿಗಿಟ್ಟು ಪುಸ್ತಕ ಎಳೆದುಕೊಳ್ಳುತ್ತಾನೆ. ಕೋಚಿಂಗ್ ಕ್ಲಾಸುಗಳ ಓಣಿಗಳಲ್ಲಿ ಈಗ ಕಿವಿಯ ಹಿಂದೆ ಬಿಲ್ಲೆಯಿಲ್ಲದ ಒಂದು ತಲೆ ಹುಡುಕಿದರೂ ಸಿಗದು. ಅಲ್ಲಿ ಎಲ್ಲರಿಗೂ ದಿನವೂ ಮುನ್ನಾದಿನವೇ.

ಆ ಬಿಲ್ಲೆಗಳೆಲ್ಲ ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡುವ ಕಂಟ್ರೋಲ್ ರೂಮಿನಲ್ಲಿ ಕಸ್ತೂರಿ ಹಂಚಿನಮನಿ ಕೆಲಸಕ್ಕಿದ್ದಳು. ಗದಗಿನ ಹೈಸ್ಕೂಲಿನಲ್ಲಿ ಗಂಟೆ ಹೊಡೆಯುವ ಜವಾನನಾಗಿದ್ದ ಬಸಲಿಂಗಪ್ಪನ ಹಿರಿಮಗಳು. ಅಪ್ಪ ತೀರಿ ಐದು ವರ್ಷವಾಗಿತ್ತು. ಹೈಸ್ಕೂಲ್ ಶಿಕ್ಷಕಿಯ ನೇಮಕಾತಿ ಪರೀಕ್ಷೆಯನ್ನು ಅವಳು ನಾಲ್ಕು ಸಲ ಬರೆದಿದ್ದಳು. ಬರುವ ಭಾನುವಾರ ಐದನೆಯದು, ಕೊನೆಯದು. ಅದು ದಾಟಿದರೆ ವಯಸ್ಸು ಮೀರುತ್ತದೆ. ನಲವತ್ತು ಸ್ವಯಂಸೇವಕರಲ್ಲಿ ಅವಳೂ ಒಬ್ಬಳಾದ್ದರಿಂದ ಅವಳ ಕಿವಿಯ ಹಿಂದಿನ ಬಿಲ್ಲೆಯಲ್ಲಿದ್ದದ್ದು ಅವಳದೇ ಮುನ್ನಾದಿನ. ಸ್ನಾನದ ಹೊತ್ತು ಬಿಟ್ಟರೆ ಅವಳು ಅದನ್ನು ತೆಗೆದದ್ದಿಲ್ಲ. ವಿಚಿತ್ರವೆಂದರೆ, ಹಿಂದಿನ ದಿನದವರೆಗೂ ಪುಟಪುಟ ನೆನಪಿರುತ್ತಿದ್ದದ್ದು ಪರೀಕ್ಷೆಯ ಹಾಲಿನಲ್ಲಿ ಒಂದಕ್ಷರವೂ ಇರುತ್ತಿರಲಿಲ್ಲ. ಪೇಪರು ಕೈಗೆ ಬಂದೊಡನೆ ಅವಳು ಕಲ್ಲಾಗಿ ಕೂತುಬಿಡುತ್ತಿದ್ದಳು.

ಗುರುವಾರ ಸಂಜೆ. ಪಕ್ಕದ ಕುರ್ಚಿಯ ಹಜರತ್ ನದಾಫ ಎಂದಿನಂತೆ ತಲೆ ಕೆರೆದುಕೊಳ್ಳುತ್ತಿದ್ದ. ಬಿಲ್ಲೆ ತೊಟ್ಟವರ ಮೊಬೈಲಿಗೆಲ್ಲ ದಿನಕ್ಕೊಂದು ಹುರುಪಿನ ಮಾತು ಕಳಿಸುವುದು ಅವನ ಪಾಲಿನ ಕೆಲಸ.

“ಇವತ್ತಿನ ಮಾತು ಕೇಳ್ರಿ ಅಕ್ಕಾರ. ‘ನಿನ್ನೆ ಸತ್ತಿತು, ನಾಳೆ ಹುಟ್ಟಿಲ್ಲ, ಇವತ್ತಿಗೆ ಹಾಲು ಕುಡಿಸು.’ ಹ್ಯಾಂಗೈತಿ?”

“ಹಾಲು ಕುಡಿಸಾಕ ಎಮ್ಮಿ ಯಾರು ಹಿಂಡಬೇಕೋ?” ಎಂದಳು ಕಸ್ತೂರಿ.

“ಅದನ್ನ ನಾಳಿನ ಮಾತಿನ್ಯಾಗ ಹೇಳ್ತೀನ್ರಿ.” ನದಾಫ ನಕ್ಕ. ನಕ್ಕವನು ಕುರ್ಚಿ ಹತ್ತಿರ ಸರಿಸಿ ದನಿ ತಗ್ಗಿಸಿದ. “ಅದಿರ್ಲಿ, ಇಲ್ಲೊಂದು ನೋಡ್ರಿ. ಹದಿನೇಳನೇ ಮಾದರಿ ಹಚ್ಚಿಕೊಂಡೋರು ಹನ್ನೆರಡು ಸಾವಿರ ಮಂದಿ. ಸಂಜಿ ಆರರ ಮ್ಯಾಲ ಅಷ್ಟೂ ಮಂದಿ ಪುಸ್ತಕ ಕೆಳಗಿಟ್ಟು ಯಾರಿಗೋ ಫೋನ್ ಹಚ್ತಾರ.”

“ಚಹಾದ ಹೊತ್ತು, ಗೆಳ್ಯಾರಿಗೆ ಹಚ್ಚತಿರಬೇಕು.”

“ನಾನೂ ಹಂಗ ಅಂದ್ಕೊಂಡಿದ್ದೆ. ಐವತ್ತು ಮಂದಿಗೆ ಕೇಳಿದೆ. ಎಲ್ಲಾರೂ ಮನಿಗೆ ಹಚ್ತಾರಂತ್ರಿ. ‘ಎಲ್ಲಾರೂ ಆರಾಮ ಅದೀರಿಲ್ಲೋ, ಏನೂ ಮುಚ್ಚಿಡಾಕತ್ತಿಲ್ಲಲ್ಲೋ’ ಅಂತ ಕೇಳ್ತಾರಂತ. ಕುಷ್ಟಗಿ ಕಡೀದೊಬ್ಬಾಕಿ ಪರೀಕ್ಷಾ ಬಿಟ್ಟು ಊರಿಗೇ ಓಡಿ ಹೋಗ್ಯಾಳ. ಹೋಗಿ ನೋಡಿದ್ರ ಅವರವ್ವ ಹಿತ್ತಲದಾಗ ಹಪ್ಪಳ ಒಣಗಸಾಕತ್ತಿದ್ಲಂತ! ಉಳಿದ ಮೂವತ್ತೊಂಬತ್ತು ಮಾದರಿಯೊಳಗ ಇಂಥಾದ್ದು ಒಂದೂ ಇಲ್ಲ.”

ಅವನು ಪರದೆಯ ಮೇಲೆ ಹದಿನೇಳನೆಯ ಗೆರೆಯನ್ನು ಹಿಗ್ಗಿಸಿದ. ಬೆಳಗಿನಿಂದ ಸಂಜೆಯವರೆಗೆ ಎಲ್ಲರಂಥದೇ ಏರಿಳಿತ. ಆರು ಗಂಟೆ ಎಂಟು ನಿಮಿಷಕ್ಕೆ ಗೆರೆಯಲ್ಲಿ ಒಂದು ತಗ್ಗು. ನಾಲ್ಕು ಉಸಿರಿನಷ್ಟು ಹೊತ್ತು ಎಲ್ಲವೂ ನಿಂತಂತಾಗಿ, ಆಮೇಲೆ ಎದೆ, ಉಸಿರು, ಬೆವರು ಎಲ್ಲ ಇಮ್ಮಡಿಯಾಗಿ ರಾತ್ರಿಯವರೆಗೆ ಇಳಿಯದೆ ಹೋಗಿತ್ತು. ಹದಿನೇಳಕ್ಕೆ ಅಷ್ಟು ಬೇಡಿಕೆ ಇದ್ದದ್ದೇ ಅದಕ್ಕೆ. ಅದನ್ನು ಹಚ್ಚಿಕೊಂಡವರು ಸಂಜೆಯ ಮೇಲೆ ಮೈಮೇಲೆ ದೇವರು ಬಂದವರಂತೆ ಓದುತ್ತಿದ್ದರು.

ಕಸ್ತೂರಿಯ ಅಂಗೈ ಒದ್ದೆಯಾಯಿತು. ಗೋಡೆಯ ಗಡಿಯಾರ ಆರೂ ಏಳು ತೋರಿಸುತ್ತಿತ್ತು. ಅವಳು ಮೊಬೈಲು ಎತ್ತಿಕೊಂಡು ಹೊರಗಿನ ಪಡಸಾಲೆಗೆ ಬಂದಳು. ಐದು ವರ್ಷದಿಂದ ದಿನವೂ ಬರುತ್ತಿದ್ದಳು.

“ಬಂತು ನೋಡವ್ವಾ,” ಎಂದು ತಮ್ಮ ಈರಣ್ಣ ಆ ಕಡೆಯಿಂದ ಕೂಗಿ ಹೇಳುವುದು ಕೇಳಿಸಿತು. “ಆರು ಹೊಡೀತು, ಅಕ್ಕನ ಫೋನು ಬಂತು. ನಮ್ಮ ಮನಿ ಗಡಿಯಾರಕ್ಕ ಸೆಲ್ಲೇ ಬ್ಯಾಡ.”

“ಅವ್ವಗ ಕೊಡೋ.”

“ಏನವ್ವಾ ನಿಂದು ದಿನಾ?” ಎಂದಳು ಗೌರವ್ವ. “ನಾ ಗಟ್ಟಿಮುಟ್ಟಾಗೀನಿ. ಸ್ವಲ್ಪ ದಮ್ಮು, ಅದು ಹಳೇದು. ನೀ ಉಂಡ್ಯಾ? ಓದು. ಈ ಸಲ ನಿಮ್ಮಪ್ಪನ ಆಸೆ ತೀರಸು.”

ಬಸಲಿಂಗಪ್ಪನ ಆಸೆ ಒಂದೇ ಇತ್ತು. “ನೀ ನಮ್ಮ ಸಾಲೀಗೆ ಟೀಚರ್ ಆಗಿ ಬಾ. ನಿನ್ನ ಪಿರಿಯಡ್ಡಿಗೆ ನಾ ಗಂಟಿ ಹೊಡೀತೀನಿ,” ಎನ್ನುತ್ತಿದ್ದ.

ಮರಳಿ ಒಳಗೆ ಹೋದವಳು ನೇರ ಇನಾಮದಾರ ಮೇಡಂ ಕೋಣೆಗೆ ಹೋದಳು. ಬಿಲ್ಲೆಯನ್ನು ಕಂಡುಹಿಡಿದವರು ಅವರೇ. ಯಾವ ಮಾದರಿ ಯಾರದು ಎಂಬುದು ಅವರೊಬ್ಬರಿಗೇ ಗೊತ್ತು.

“ಮೇಡಂ, ಹದಿನೇಳು ಯಾರದ್ರಿ?”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿಂದೇ ಅದ, ಕಸ್ತೂರಿ. ಹೇಳಬಾರದು ಅಂತ ನಿಯಮ. ನಿನ್ನ ಹಠಕ್ಕ ನಾನೇ ಬೆರಗಾಗಿದ್ದೆ. ಆರರ ಮ್ಯಾಲ ಆ ಹುಡಿಗಿ ಹೆಂಗ ಓದ್ಯಾಳ ನೋಡು, ಹೊಟ್ಟ್ಯಾಗ ಏನು ಬೆಂಕಿ ಅದ ನೋಡು ಅಂತ ಎಲ್ಲಾರ ಮುಂದ ಹೇಳಿಕೋತ ಬಂದೇನಿ.”

“ಅದು ಹಠ ಅಲ್ರಿ ಮೇಡಂ.” ಕಸ್ತೂರಿ ಕುರ್ಚಿಯ ಬೆನ್ನು ಹಿಡಿದು ನಿಂತಳು. ಐದು ವರ್ಷದಲ್ಲಿ ಯಾರ ಮುಂದೆಯೂ ಹೇಳದ್ದು ಬಾಯಿಗೆ ಬಂತು.

ಐದು ವರ್ಷದ ಹಿಂದೆ, ಬಿ.ಎಡ್. ಪರೀಕ್ಷೆಯ ಹಿಂದಿನ ಸಂಜೆ, ದಾಖಲೆಗೆಂದು ಮೈತುಂಬ ವೈರು ಅಂಟಿಸಿಕೊಂಡು ಓದುತ್ತಿದ್ದಾಗ, ಆರೂ ಎಂಟಕ್ಕೆ ಅವಳು ಮನೆಗೆ ಫೋನು ಹಚ್ಚಿದ್ದಳು. ಅಪ್ಪಗ ಕೊಡು ಎಂದಳು. “ಅಪ್ಪ ಮಲಗ್ಯಾನ, ನೀ ಓದು,” ಎಂದಳು ಅವ್ವ. ಯಾವತ್ತೂ ಇಲ್ಲದಷ್ಟು ಮೆತ್ತಗಿನ ದನಿ. ದೀಪ ಹಚ್ಚುವ ಹೊತ್ತಿಗೆ ಅವರ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಲಕ್ಷ್ಮಿ ಬರುವ ಹೊತ್ತು ಎಂದು ತೊಟ್ಟಿಲ ಕೂಸನ್ನೂ ಎತ್ತಿ ಕೂರಿಸುವ ಮನುಷ್ಯ ಅಪ್ಪ. ಫೋನು ಕಿವಿಗೆ ಹಿಡಿದೇ ಅವಳು ನಾಲ್ಕು ಉಸಿರು ನಿಂತಳು. ಕೇಳಬೇಕೆಂದು ಬಾಯಿವರೆಗೆ ಬಂತು. ನಾಳೆ ಪರೀಕ್ಷೆ. “ಹೂಂ ಅವ್ವಾ,” ಎಂದು ಫೋನಿಟ್ಟು ಪುಸ್ತಕ ತೆರೆದಳು. ಆ ಅನುಮಾನದ ಮೇಲೆ ಒಂದರ ಮೇಲೊಂದು ಪಾಠ ಹೇರಿ ಅದನ್ನು ಹೂತುಬಿಟ್ಟಳು.

ಆ ಗಳಿಗೆಯಲ್ಲಿ ಅಪ್ಪ ದವಾಖಾನೆಯಲ್ಲಿದ್ದ. ಜೀವವಿತ್ತು. ಮಗಳಿಗೆ ಪರೀಕ್ಷೆ ಮುಗಿಯುವ ತನಕ ಹೇಳಬೇಡಿರೆಂದು ಅವನೇ ಕೈಮುಗಿದಿದ್ದನಂತೆ. ಒಂಬತ್ತಕ್ಕೆ ಹೋದ. ಫೋನಿಟ್ಟೊಡನೆ ಬಸ್ಸು ಹತ್ತಿದ್ದರೆ ಮುಖ ಸಿಗುತ್ತಿತ್ತು. ಮರುದಿನ ಅವಳು ಪರೀಕ್ಷೆ ಬರೆದು ಹೊರಗೆ ಬಂದಾಗ ಗೇಟಿನ ಬಳಿ ಕಾಕಾ ನಿಂತಿದ್ದರು. “ಮೊದಲು ನೀರು ಕುಡಿಯವ್ವಾ,” ಎಂದರು. ಅಷ್ಟರಲ್ಲಿ ಮಣ್ಣು ಮುಗಿದಿತ್ತು.

“ಪರೀಕ್ಷಾ ಇದ್ದೋರಿಗೆ ಸಾವು ಹೇಳಬಾರದು. ನಮ್ಮ ಮನ್ಯಾಗೂ ಹಂಗೇ ಮಾಡ್ತೀವಿ,” ಎಂದರು ಮೇಡಂ. “ನಾ ನಲವತ್ತು ಮಂದಿಗೆ ಊಟ ಆತೋ, ನಿದ್ದಿ ಆತೋ ಕೇಳಿದೆ. ಮನ್ಯಾಗ ಏನಾರ ಆಗೇದೇನು ಅಂತ ಒಬ್ಬರಿಗೂ ಕೇಳಲಿಲ್ಲ ನೋಡು.”

ಹದಿನೇಳನ್ನು ಒಮ್ಮೆಲೇ ನಿಲ್ಲಿಸುವಂತಿರಲಿಲ್ಲ. ಬಹಳ ದಿನ ಬಿಲ್ಲೆ ತೊಟ್ಟವರು ಹಠಾತ್ತನೆ ತೆಗೆದರೆ ವಾರಗಟ್ಟಲೆ ಮಬ್ಬು ಕವಿಯುತ್ತದೆ; ಭಯವೂ ಇಲ್ಲ, ಹುರುಪೂ ಇಲ್ಲ. ಆ ಹನ್ನೆರಡು ಸಾವಿರದಲ್ಲಿ ಅರ್ಧಕ್ಕರ್ಧ ಮಂದಿಗೆ ಭಾನುವಾರ ಇದೇ ಪರೀಕ್ಷೆ. ಸೋಮವಾರದಿಂದ ಮೆಲ್ಲಗೆ ಇಳಿಸೋಣ ಎಂದರು ಮೇಡಂ. “ನಿನಗ ಮಾತ್ರ ಇವತ್ತೇ ಬ್ಯಾರೆ ಮಾದರಿ ಹಾಕಿಕೊಡ್ತೀನಿ. ನೀ ಹಾಲಿನ್ಯಾಗ ಯಾಕ ಕಲ್ಲಾಗ್ತಿ ಅಂತ ಈಗ ತಿಳೀತಲ್ಲ? ನಿನ್ನ ದೇಹಕ್ಕ ಆ ಮುನ್ನಾದಿನದ ಮರುದಿನ ಅಂದ್ರ ಪರೀಕ್ಷಾ ಅಲ್ಲವ್ವಾ. ಮಣ್ಣು.”

“ಬ್ಯಾಡ್ರಿ.”

“ಯಾಕ? ಕಡೀ ಪರೀಕ್ಷಾ ಅದು!”

ಆ ಬಿಲ್ಲೆಯೊಳಗೆ ದಿನವೂ ಸಂಜೆ ಆರರ ಹೊತ್ತಿಗೆ ಅಪ್ಪ ಇನ್ನೂ ಇದ್ದ. ಬಸ್ಸು ಇನ್ನೂ ಹೋಗಿರಲಿಲ್ಲ. ದಿನವೂ ಅವಳು ಹೋಗುತ್ತಿರಲಿಲ್ಲ, ನಿಜ. ಆದರೆ ಹೋಗಬಹುದಾದ ಹೊತ್ತು ದಿನವೂ ಒಮ್ಮೆ ಬರುತ್ತಿತ್ತು. ಅದನ್ನೂ ಕೊಟ್ಟುಬಿಟ್ಟರೆ ಅವಳಲ್ಲಿ ಏನು ಉಳಿಯುತ್ತದೆ?

ಶನಿವಾರ ರಜೆ ಹಾಕಿದ್ದಳು. ಬಾಡಿಗೆ ಕೋಣೆಯ ಗೋಡೆಯ ತುಂಬ ವೇಳಾಪಟ್ಟಿ. ಐದಕ್ಕೆ ಏಳುವುದು, ಐದೂಕಾಲಿಗೆ ಮನಃಶಾಸ್ತ್ರ, ಊಟಕ್ಕೆ ಹನ್ನೆರಡು ನಿಮಿಷ. ಮೇಜಿನ ಮೇಲೆ ಹಾಲ್ ಟಿಕೆಟ್, ಎರಡು ಪೆನ್ನು. ದಿನವಿಡೀ ಓದಿದಳು. ಆರಾಯಿತು. ಆರೂ ಎಂಟಾಯಿತು. ಹೊಟ್ಟೆಯಲ್ಲಿ ಆ ತಗ್ಗು ಬಿತ್ತು. ಫೋನು ಹಚ್ಚಿದಳು.

ಐದು ಸಲ ಬಾರಿಸಿದ ಮೇಲೆ ಈರಣ್ಣ ಎತ್ತಿದ.

“ಹೇಳಕ್ಕಾ.”

ಗಡಿಯಾರದ ಚೇಷ್ಟೆ ಇಲ್ಲ. “ಅವ್ವಗ ಕೊಡು.”

“ಅವ್ವ... ಮಲಗ್ಯಾಳ. ನೀ ಓದು. ನಾಳೆ ಪರೀಕ್ಷಾ ಐತಲ್ಲ.”

“ಎಲ್ಲಾ ಆರಾಮೈತಿಲ್ಲೋ?”

“ಆರಾಮೈತಿ. ಏನೂ ಚಿಂತಿ ಮಾಡಬ್ಯಾಡ.”

ಫೋನು ಇಟ್ಟಳು. ಎದೆ ಬಾಯಿಗೆ ಬಂದಿತ್ತು. ಆದರೆ ಅದು ಬಾಯಿಗೆ ಬಾರದ ದಿನವೇ ಇರಲಿಲ್ಲವಲ್ಲ! ದಿನವೂ ಇದೇ ಗಳಿಗೆಗೆ, ಇಷ್ಟೇ ಜೋರಾಗಿ, ಮನೆಯಲ್ಲಿ ಏನೋ ಮುಚ್ಚಿಡುತ್ತಿದ್ದಾರೆ ಎಂದು ಈ ಬಿಲ್ಲೆ ಚೀರಿತ್ತು. ಸಾವಿರದೆಂಟು ಸಂಜೆ ಚೀರಿದ್ದೆಲ್ಲ ಸುಳ್ಳಾಗಿತ್ತು. ಹಪ್ಪಳ ಒಣಗಿಸುತ್ತಿದ್ದ ಆ ಕುಷ್ಟಗಿಯ ತಾಯಿಯ ನೆನಪಾಯಿತು. ಇವತ್ತು ಓಡಿ ಹೋದರೆ ಅವ್ವ ಬಾಗಿಲಲ್ಲಿ ನಿಂತು ಹಣೆ ಬಡಿದುಕೊಂಡಾಳು: ಹುಚ್ಚಿ, ಕಡೀ ಪರೀಕ್ಷಾ ಕಳಕೊಂಡ್ಯಲ್ಲೇ! ಹೋಗದಿದ್ದರೆ?

ಯಾವುದು ತನ್ನ ಭಯ, ಯಾವುದು ಬಿಲ್ಲೆಯದು ಎಂದು ತಿಳಿಯಲು ಒಂದೇ ದಾರಿಯಿತ್ತು. ಪರೀಕ್ಷೆಯ ಹಿಂದಿನ ಸಂಜೆ ಯಾರೂ ಮಾಡಬಾರದ ಕೆಲಸ ಅದು. ಅವಳು ಕಿವಿಯ ಹಿಂದೆ ಉಗುರು ಹಾಕಿ ಬಿಲ್ಲೆಯನ್ನು ಕಿತ್ತಳು. ಚರ್ಮ ಚುರ್ ಎಂದಿತು. ಹಾಲ್ ಟಿಕೆಟ್ಟಿನ ಮೇಲೆ ಅದನ್ನು ಅಂಟಿಸಿ, ಮೊಬೈಲಿನ ಗಡಿಯಾರ ನೋಡುತ್ತ ಕೂತಳು. ಅದರ ಪ್ರಭಾವ ಇಳಿಯಲು ಇಪ್ಪತ್ತು ನಿಮಿಷ ಬೇಕು. ಇಳಿದ ಮೇಲೂ ಭಯ ಉಳಿದರೆ ಅದು ನಿಜ. ಹೋದರೆ ಸುಳ್ಳು.

ಆರೂ ಇಪ್ಪತ್ತಕ್ಕೆ ಅಂಗೈ ಒಣಗಿತು. ಆರೂವರೆಗೆ ಎದೆ ತಗ್ಗಿತು. ಆರೂ ಮೂವತ್ತೈದಕ್ಕೆ ಹೊಟ್ಟೆಯೊಳಗೆ ಏನೂ ಇರಲಿಲ್ಲ, ತೊಳೆದು ಬೋರಲು ಹಾಕಿದ ಕೊಡದಂತೆ.

ಭಯ ಹೋಗಿತ್ತು. ಹಾಗಾದರೆ ಬಿಲ್ಲೆಯದೇ ಆಟ! ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಪುಸ್ತಕ ಎಳೆದುಕೊಂಡಳು. ಒಂದು ಸಾಲು ಓದಿದಳು. ಮತ್ತೆ ಅದೇ ಸಾಲು ಓದಿದಳು.

ದೇಹಕ್ಕೆ ಈಗ ಹೇಳಲು ಏನೂ ಇರಲಿಲ್ಲ. ಐದು ವರ್ಷ ದಿನವೂ ಅತ್ತ ಕಣ್ಣಿಗೆ ನೀರಿಲ್ಲದಂತೆ ಅದು ಬತ್ತಿ ಕೂತಿತ್ತು. ನಿಜವಾದ ಕೇಡು ಬಂದರೂ ಅದು ಇನ್ನು ಹೇಳಲಾರದು. ಹೊಟ್ಟೆಯನ್ನು ಕೇಳಿ ಪ್ರಯೋಜನವಿಲ್ಲ. ಉಳಿದದ್ದು ತಮ್ಮ ಆಡಿದ ಒಂದು ಮಾತು ಮಾತ್ರ: ಮಲಗ್ಯಾಳ.

ದೀಪ ಹಚ್ಚುವ ಹೊತ್ತಿಗೆ.

ಅವಳು ಮತ್ತೆ ಫೋನು ಹಚ್ಚಿದಳು.

“ಈರಣ್ಣಾ, ಇವತ್ತು ದೀಪ ಯಾರು ಹಚ್ಚಿದ್ರು?”

“ಅಕ್ಕಾ, ನೀ ಓದು ಅಂತ...”

“ದೇವರ ಮುಂದ ದೀಪ ಯಾರು ಹಚ್ಚಿದ್ರು ಅಂತ ಕೇಳಿದ್ನೋ.”

ಈರಣ್ಣ ಅತ್ತುಬಿಟ್ಟ. “ಹಚ್ಚಿಲ್ಲಕ್ಕಾ. ಮನ್ಯಾಗ ಯಾರೂ ಇಲ್ಲ. ದವಾಖಾನ್ಯಾಗ ಅದೀವಿ. ಮುಂಜಾನೆ ದಮ್ಮು ಹೆಚ್ಚಾತು. ಅಕ್ಕಗ ಹೇಳಿದ್ರ ನಾ ಸತ್ತಂಗ ಅಂತ ಆಣಿ ಹಾಕ್ಸ್ಯಾಳ. ನಾ ಏನು ಮಾಡ್ಲಿ? ಡಾಕ್ಟರು...”

“ನಾ ಬರಾಕತ್ತೇನಿ ಅಂತ ಅಕಿ ಕಿವ್ಯಾಗ ಹೇಳು.”

ಗದಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೆಯೇ ಅವಳಿಗೆ ಗೊತ್ತಾದದ್ದು, ಕಾಲಲ್ಲಿ ಚಪ್ಪಲಿ ಒಂದು ತನ್ನದು, ಒಂದು ಪಕ್ಕದ ಕೋಣೆಯವಳದು. ಹಾಲ್ ಟಿಕೆಟ್ ಮೇಜಿನ ಮೇಲೆಯೇ ಇತ್ತು. ಟಿಕೆಟ್ಟಿಗೆ ಕೈ ಚಾಚಿದ ಕಂಡಕ್ಟರು, “ಯಾಕವ್ವಾ, ಅಳಾಕತ್ತೀ?” ಎಂದ. ಅವಳು ಅಳುತ್ತಿರಲಿಲ್ಲ. ಕಣ್ಣಿನಿಂದ ನೀರು ಬರುತ್ತಿತ್ತು ಅಷ್ಟೆ. ಒಳಗೆ ಏನೂ ಇರಲಿಲ್ಲ. ಅವ್ವ ಸಾಯುವ ಹೊತ್ತಿನಲ್ಲಿ ಭಯಪಡಲು ಕೂಡ ತನ್ನಲ್ಲಿ ಏನೂ ಉಳಿದಿಲ್ಲವಲ್ಲ ಎಂಬುದೇ ಅವಳಿಗೆ ಎಲ್ಲಕ್ಕಿಂತ ಘೋರವೆನಿಸಿತು.

ಗೌರವ್ವ ಮೂಗಿನ ಮೇಲಿನ ಆಕ್ಸಿಜನ್ ಮುಸುಕು ಸರಿಸಿ ಮೊದಲು ಬೈದಳು. “ಯಾಕ ಬಂದಿ? ನಾಳೆ ಪರೀಕ್ಷಾ ಐತಿ.”

“ಬಂದೆ.”

“ಈ ಈರ್ಯಾನ ಬಾಯಾಗ ಮಣ್ಣು ಹಾಕ. ಹೋಗು, ಮುಂಜಾನಿ ಬಸ್ಸಿಗೆ ಹೋಗು.”

“ಹೂಂ, ಹೋಗ್ತೀನಿ,” ಎಂದಳು ಕಸ್ತೂರಿ. ಹೋಗಲಿಲ್ಲ.

ಬೆಳಗಾದ ಮೇಲೆ ಗೌರವ್ವನಿಗೆ ಊರು, ಹೊತ್ತು ಎಲ್ಲ ಕಲಸಿತು. “ಎಷ್ಟಾತು?” ಎಂದಳು.

“ಹತ್ತು.”

“ಪೇಪರ್ ಕೊಟ್ರಾ?”

ಕಸ್ತೂರಿ ಗೋಡೆ ನೋಡಿದಳು. “ಕೊಟ್ರವ್ವಾ.”

“ಹಗುರೇನೈತಿ?”

“ಹಗುರೈತಿ. ಎಲ್ಲಾ ಬರತೈತಿ.”

“ಬರಿ ಹಂಗಾರ. ಗಡಬಡಿ ಮಾಡಬ್ಯಾಡ. ಅಪ್ಪ ಗಂಟಿ ಹೊಡಿಯೂತನಾ ಟೈಮ್ ಐತಿ.”

ಕಸ್ತೂರಿ ಅವ್ವನ ಅಂಗೈಯನ್ನು ತನ್ನ ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಅದರ ಮೇಲೆ ಬೆರಳಿನಿಂದ ಬರೆಯತೊಡಗಿದಳು. ಏನು ಬರೆದಳೋ ಅವಳಿಗೇ ಗೊತ್ತಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು. ಆಮೇಲೆ ಬಾಯಿಪಾಠ ಬಂದದ್ದೆಲ್ಲ. ಪರೀಕ್ಷೆಯ ಹಾಲಿನಲ್ಲಿ ನಾಲ್ಕು ಸಲ ಒಂದಕ್ಷರ ಹುಟ್ಟದ ಕೈ ಆ ಅಂಗೈಯ ಮೇಲೆ ಎರಡೂವರೆ ತಾಸು ನಿಲ್ಲದೆ ಬರೆಯಿತು. ಹನ್ನೆರಡೂ ನಲವತ್ತಕ್ಕೆ ಆ ಅಂಗೈ ಮಡಿಚಿಕೊಳ್ಳುವುದನ್ನು ಬಿಟ್ಟಿತು. ಕಸ್ತೂರಿ ಆಗಲೂ ಸ್ವಲ್ಪ ಹೊತ್ತು ಬರೆಯುತ್ತಲೇ ಇದ್ದಳು. ಈರಣ್ಣ ಬಂದು ಅವಳ ಕೈ ಹಿಡಿದು ನಿಲ್ಲಿಸಿದ.

ಮಧ್ಯಾಹ್ನ ನದಾಫನ ಫೋನು ಬಂತು. “ಅಕ್ಕಾರ, ಪೇಪರ್ ಹ್ಯಾಂಗಿತ್ತು?”

“ನಾ ಬರೀಲಿಲ್ಲೋ ನದಾಫಾ. ಅವ್ವ ಹೋದ್ಲು.” ಆಮೇಲೆ ಹೇಳಿದಳು, “ನಾ ಇದ್ದೆ.”

ಅವಳೇ ಮತ್ತೆ ಕೇಳಿದಳು. “ಹದಿನೇಳು ಹಚ್ಚಿಕೊಂಡೋರು ಇವತ್ತೂ ಆರಕ್ಕ ಮನಿಗೆ ಫೋನ್ ಮಾಡ್ತಾರಲ್ಲ?”

“ಮಾಡ್ತಾರ್ರಿ.”

“ಆರಾಮ ಅಂತ ಅಂದ್ಕೂಡ್ಲೆ ಇಡ್ತಾರಲ್ಲ?”

“ಹೌದ್ರಿ. ಒಂದು ನಿಮಿಷಾನೂ ಆಗಂಗಿಲ್ಲ.”

“ನಾನೂ ಇಟ್ಟಿದ್ದೆ,” ಎಂದಳು ಕಸ್ತೂರಿ. ಅಷ್ಟರಲ್ಲಿ ಒಳಗಿನಿಂದ ಕರೆದರು.

ನಾಲ್ಕರ ಸುಮಾರಿಗೆ ಮಣ್ಣು ಮುಗಿಯಿತು. ಬಂದವರು ಒಬ್ಬೊಬ್ಬರಾಗಿ ಎದ್ದು ಹೋದರು. ಹೊತ್ತು ಮುಳುಗುವಾಗ ಕಸ್ತೂರಿ ತಾನೇ ಎಣ್ಣೆ ಹಾಕಿ ದೀಪ ಹಚ್ಚಿದಳು. ಕಿವಿಯ ಹಿಂದೆ ಬಿಲ್ಲೆಯಿಲ್ಲದಿದ್ದರೂ ಆರೂ ಎಂಟಕ್ಕೆ ಕೈ ತಾನಾಗಿ ಮೊಬೈಲು ಹುಡುಕಿತು. ಯಾರಿಗೆ ಹಚ್ಚುವುದು? ಮೊಬೈಲು ಈರಣ್ಣನ ಕೈಯಲ್ಲಿತ್ತು. ಊರೂರಿನ ಬೀಗರಿಗೆ ಸುದ್ದಿ ಮುಟ್ಟಿಸಲು ಇಸಿದುಕೊಂಡಿದ್ದ. ಅದು ಅವನ ಕೈಯಲ್ಲೇ ಒಮ್ಮೆ ಗುಂಯ್ ಎಂದಿತು.

“ನಿಮ್ಮ ಆಫೀಸಿನ ಮೆಸೇಜು,” ಎಂದ ಈರಣ್ಣ. ದೀಪದ ಬೆಳಕಿಗೆ ಹಿಡಿದು ಓದಿದ. “‘ಮನೆಗೆ ಫೋನು ಮಾಡಿದಿರಾ? ಆರಾಮ ಎಂದರಾ? ಇನ್ನೊಮ್ಮೆ ಕೇಳಿರಿ.’ ಇಷ್ಟ ಐತಿ. ಏನಕ್ಕಾ ಇದು?”

ಕಸ್ತೂರಿ ಗೋಡೆಗೆ ಒರಗಿ ಕೂತಳು. ಈರಣ್ಣ ಅವಳ ಪಕ್ಕ ಬಂದು ಕುಕ್ಕರಿಸಿದ. ಪಕ್ಕದ ಮನೆಯವರು ತಂದಿಟ್ಟ ಅನ್ನದ ಪಾತ್ರೆ ಮುಚ್ಚಿದಂತೆಯೇ ಇತ್ತು.

“ಉಂಡ್ಯಾ ಅಕ್ಕಾ?”

“ಉಂಡೆ.”

ಅವನು ಏಳಲು ನೆಲಕ್ಕೆ ಕೈ ಊರಿದ. ಊರಿದವನು ಏಳಲಿಲ್ಲ. ಮೊಬೈಲು ನೋಡಿದ, ಅವಳ ಮುಖ ನೋಡಿದ.

“ಖರೇ ಉಂಡ್ಯಾ?”

“ಇಲ್ಲೋ,” ಎಂದಳು ಕಸ್ತೂರಿ. ಹಾಗೆನ್ನುತ್ತಿದ್ದಂತೆ ಬತ್ತಿದ ಹೊಟ್ಟೆಯೊಳಗೆ ಎಲ್ಲಿಂದಲೋ ಒಂದು ನಡುಕ ಎದ್ದು ಗಂಟಲಿಗೆ ಬಂತು. “ನಿನ್ನಿಯಿಂದ ಉಂಡಿಲ್ಲ.”